ಮೇಷ್ಟ್ರ ಮನೆಗೆ ಇಂಗ್ಲಿಷ್ ಬಂದ ವರ್ಷ

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಭಾರತೀನಗರ ಹತ್ತಿರವಾಗುತ್ತಿದ್ದ ಹಾಗೆ ಒಳಗಿದ್ದವರೆಲ್ಲ ಸೆರಗು, ಕರ್ಚೀಫು ಮೂಗಿಗೆ ಹಿಡಿಯುತ್ತಾರೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಅಲ್ಲೆಲ್ಲ ಕಾಕಂಬಿಯ ವಾಸನೆ. ಬೆಲ್ಲ ಸೀದು ಹುಳಿಯಾದರೆ ಹೇಗಿರುತ್ತದೋ ಹಾಗೆ. ಟೀಗೆ ಸಕ್ಕರೆ ಸುರಿದುಕೊಳ್ಳುವಾಗ ಯಾರೂ ಮೂಗು ಮುಚ್ಚುವುದಿಲ್ಲ, ಇದಕ್ಕೆ ಮಾತ್ರ ಎಲ್ಲರಿಗೂ ನಾಜೂಕು. ಹೋದ ವಾರ ನನ್ನ ಪಕ್ಕ ಕೂತಿದ್ದ ಹುಡುಗಿ ಕಿಟಕಿ ಎಳೆಯಲು ಕೈ ಹಾಕಿದಳು. ‘ಇರ್ಲಿ ಬುಡಮ್ಮ’ ಅಂದೆ. ದುರುಗುಟ್ಟಿಕೊಂಡು ನೋಡಿದಳು. ನೋಡಲಿ. ನನಗೆ ಆ ವಾಸನೆ ಬೇಕಾಗಿತ್ತು. ಆ ವಾಸನೆ ಬಂದರೆ ನನ್ನ ಹತ್ತನೇ ಕ್ಲಾಸು ಬರುತ್ತದೆ, ಅದರ ಹಿಂದೆ ಸಿದ್ದರಾಜು ಮೇಷ್ಟ್ರ ಮನೆಯ ಜಗಲಿ ಬರುತ್ತದೆ, ಆಮೇಲೆ ಮದ್ದೂರು ಬರುವ ತನಕ ನನ್ನನ್ನು ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತದೆ.

ಈಗ ನಾನು ಮಳವಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಇದನ್ನು ಆಗಿನ ಗೆಳತಿಯರು ಕೇಳಿದರೆ ಇವತ್ತಿಗೂ ನಗುತ್ತಾರೆ. ನಗಬೇಕಾದದ್ದೇ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಇಂಗ್ಲಿಷಿಗೂ ನನಗೂ ಎಣ್ಣೆ ಸೀಗೆಕಾಯಿ. ಮಿಕ್ಕ ವಿಷಯಗಳಲ್ಲಿ ಹೇಗೋ ದಡ ಸೇರುತ್ತಿದ್ದವಳು ಇಂಗ್ಲಿಷ್ ಪೀರಿಯಡ್ ಬಂದರೆ ಹಿಂದಿನ ಬೆಂಚಿಗೆ ಹೋಗಿ ತಲೆ ತಗ್ಗಿಸುತ್ತಿದ್ದೆ. ‘ಹಿ’ ಅಂದರೆ ‘ಗೋಸ್’ ಯಾಕೆ, ‘ದೇ’ ಅಂದರೆ ‘ಗೋ’ ಯಾಕೆ, ಒಬ್ಬ ಹೋದರೆ ಬಾಲ ಬರುತ್ತದೆ, ಹತ್ತು ಜನ ಹೋದರೆ ಬಾಲ ಹೋಗುತ್ತದೆ, ಇದೆಂಥ ನ್ಯಾಯ ಎಂದು ನನಗೆ ಸಿಟ್ಟು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಒಂದು ಶಾಸ್ತ್ರ ನಡೆಯುತ್ತದೆ. ಫೇಲಾಗುವ ಲಕ್ಷಣ ಇರುವ ಮಕ್ಕಳನ್ನು ಮೇಷ್ಟ್ರುಗಳಿಗೆ ಹಂಚುತ್ತಾರೆ. ಅದಕ್ಕೆ ದತ್ತು ಕೊಡುವುದು ಅಂತಲೇ ಹೆಸರು. ದತ್ತು ತಗೊಂಡ ಮೇಷ್ಟ್ರು ಆ ಮಕ್ಕಳ ಮನೆಗೆ ಹೋಗಿ ಅಪ್ಪ ಅಮ್ಮನ ಹತ್ತಿರ ಮಾತಾಡಬೇಕು, ಬೆಳಗಿನ ಜಾವ ಫೋನು ಮಾಡಿ ಓದಲು ಎಬ್ಬಿಸಬೇಕು, ಪರೀಕ್ಷೆ ಮುಗಿಯುವ ತನಕ ಬೆನ್ನು ಬಿಡಬಾರದು. ನನ್ನನ್ನೂ ಇನ್ನು ಕೆಲವರನ್ನೂ ಇಂಗ್ಲಿಷಿನ ಸಿದ್ದರಾಜು ಮೇಷ್ಟ್ರು ದತ್ತು ತಗೊಂಡರು. ಮಾರನೇ ದಿನದಿಂದಲೇ ಕತ್ತಲಲ್ಲಿ ಅಪ್ಪನ ಫೋನು ಬಡಿದುಕೊಳ್ಳತೊಡಗಿತು. ಅಪ್ಪ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಸರದಿ ಕಾದು ತಡವಾಗಿ ಬಂದು ಮಲಗಿರುತ್ತಿದ್ದರು.

‘ನಿಮ್ಮ ಮೇಷ್ಟ್ರು ಕೋಳಿಗಿಂತ ಮುಂಚೆ ಕೂಗ್ತಾರೆ ಕಣಮ್ಮ. ತಗೋ, ಮಾತಾಡು’ ಎಂದು ಫೋನು ನನ್ನ ಮುಖದ ಮೇಲೆ ಎಸೆಯುತ್ತಿದ್ದರು.

‘ಎದ್ಯಾ?’ ಅನ್ನುತ್ತಿದ್ದರು ಮೇಷ್ಟ್ರು.

‘ಎದ್ದಿದೀನಿ ಸಾ.’

‘ಸುಳ್ಳು. ಮುಖ ತೊಳ್ಕೊಂಡು ಬಾ, ನಾನು ಲೈನಲ್ಲೇ ಇರ್ತೀನಿ.’

ಬೆಳಕವಾಡಿಯವರು ಅವರು. ಎತ್ತರದ ಆಳು, ಕ್ಲಾಸಿಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ಒಂದು ದಿನ ಅಲಂಕಾರಗಳ ಪಾಠ. ಸಿಮಿಲಿ ಅಂದರೆ ಇದು ಅದರ ಹಾಗಿದೆ ಅನ್ನುವುದು, ಮೆಟಫರ್ ಅಂದರೆ ಇದು ಅದೇ ಅಂದುಬಿಡುವುದು. ಪರೀಕ್ಷೆಯಲ್ಲಿ ಖಂಡಿತ ಬರುತ್ತದೆ, ಬಾಯಿಪಾಠ ಮಾಡಿ ಅಂದರು. ನಾನು ಎದ್ದು ನಿಂತು, ‘ಸಾ, ಇಲ್ಲದ್ದನ್ನ ಇದೆ ಅಂತ ಹೇಳೋದು ಸುಳ್ಳಲ್ವಾ? ಅದನ್ನ ಯಾಕೆ ಕಲೀಬೇಕು?’ ಅಂದೆ. ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ‘ಇರೋ ಮಾತು ಸಾಲದೆ ಹೋದಾಗ ಜನ ಪಕ್ಕದ ಮಾತು ಕಡ ತರ್ತಾರೆ ಕಣಮ್ಮ. ನಿನಗೆ ಅಂಥ ಕಷ್ಟ ಇನ್ನೂ ಬಂದಿಲ್ಲ, ಅದಕ್ಕೆ ಸುಳ್ಳು ಅನ್ನಿಸ್ತದೆ. ಕೂತ್ಕೋ’ ಅಂದರು. ನನಗೆ ಏನೂ ಅರ್ಥವಾಗಲಿಲ್ಲ. ಕೂತೆ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ, ಒಂದು ಬೆಳಗ್ಗೆ ಫೋನು ಬರಲಿಲ್ಲ. ನಾನು ಖುಷಿಯಾಗಿ ಮಲಗಿದೆ. ಸ್ಕೂಲಿಗೆ ಹೋದಾಗ ಗೊತ್ತಾಯಿತು, ಮೇಷ್ಟ್ರು ಬಚ್ಚಲ ಬಾಗಿಲಲ್ಲಿ ಬಿದ್ದುಬಿಟ್ಟಿದ್ದರು. ಲಕ್ವ ಹೊಡೆದಿದೆ, ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ ಅಂದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಆಮೇಲೆ ಅವರ ಹೆಂಡತಿ ಭಾಗ್ಯಕ್ಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ವಾರದ ಮೇಲಾದರೂ ಮೇಷ್ಟ್ರು ಬಾಯಿ ಬಿಟ್ಟಿರಲಿಲ್ಲ. ‘ಏನ್ರೀ, ನಾನ್ರೀ, ನೋಡ್ರೀ ಇಲ್ಲಿ’ ಎಂದು ಇವರು ಎಷ್ಟು ಗೋಗರೆದರೂ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನು ನೋಡುವ ಹಾಗೆ ನೋಡುತ್ತಿದ್ದರಂತೆ. ಒಂದು ದಿನ ಕೇರಳದ ನರ್ಸಮ್ಮ ಬಂದು ಇಂಗ್ಲಿಷಿನಲ್ಲಿ ಹೇಗಿದ್ದೀರಿ ಅಂತ ಕೇಳಿದ್ದಾಳೆ. ಮೇಷ್ಟ್ರು ತಟಕ್ಕನೆ ತಿರುಗಿ, ‘ಬೆಟರ್, ಸಿಸ್ಟರ್’ ಅಂದಿದ್ದಾರೆ. ಭಾಗ್ಯಕ್ಕ ಖುಷಿಯಿಂದ ಅತ್ತು, ಆ ನರ್ಸಮ್ಮನ ಕೈ ಹಿಡಿದು ಮುತ್ತು ಕೊಟ್ಟುಬಿಟ್ಟರಂತೆ. ಆಮೇಲೆ ತಾವೂ ಗಂಡನ ಮುಂದೆ ಕೂತು ಮಾತಾಡಿಸಿದರೆ ಮತ್ತದೇ ನೋಟ. ಅವರಿಗೆ ಇಂಗ್ಲಿಷ್ ಉಳಿದಿತ್ತು. ಕನ್ನಡ ಹೋಗಿತ್ತು. ಆಡುವುದಕ್ಕೂ ಬರುತ್ತಿರಲಿಲ್ಲ, ಕೇಳಿದರೂ ತಿಳಿಯುತ್ತಿರಲಿಲ್ಲ.

ಹೀಗೂ ಆಗುವುದುಂಟು, ಮಿದುಳಿನಲ್ಲಿ ಯಾವ ಭಾಗಕ್ಕೆ ಪೆಟ್ಟು ಬಿತ್ತೋ ಹೇಳಲಾಗುವುದಿಲ್ಲ, ಕನ್ನಡ ಮೆಲ್ಲಗೆ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಡಾಕ್ಟರ ಮಾತನ್ನು ಯಾರು ನಂಬುತ್ತಾರೆ? ನಮ್ಮ ಜನಕ್ಕೆ ಬೇರೆ ಕಾರಣಗಳೇ ಬೇಕು. ಮೇಷ್ಟ್ರಿಗೆ ಯಾವುದೋ ಬಿಳಿ ದೊರೆಯ ದೆವ್ವ ಮೆಟ್ಟಿಕೊಂಡಿದೆ ಅಂದರು ಕೆಲವರು. ಬೆಳಕವಾಡಿಯಿಂದ ನೋಡಲು ಬಂದ ನೆಂಟರು ಇನ್ನೂ ಮುಂದೆ ಹೋದರು. ‘ಸಾಯೋ ಹಂಗೆ ಬಿದ್ರೂ ಗತ್ತು ಬುಟ್ಟಿಲ್ಲ. ನಮ್ಮ ಕೂಡೆ ಇಂಗ್ಲೀಸು ಆಡ್ತಾನೆ’ ಎಂದು ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅವರ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಅವ್ವ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ನನ್ನನ್ನು ಮೇಷ್ಟ್ರನ್ನು ನೋಡಲು ಕರೆದುಕೊಂಡು ಹೋದಳು. ಸ್ಕೂಲಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಮೇಷ್ಟ್ರು ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ನನ್ನನ್ನು ನೋಡಿ ಅವರ ಮುಖ ಅರಳಿತು. ‘ಲೆಗ್… ವೆಟ್ ಸ್ಯಾಕ್… ವೆಟ್ ಸ್ಯಾಕ್’ ಅಂದರು. ಭಾಗ್ಯಕ್ಕ ಒಳಗಿನಿಂದ ಓಡಿ ಬಂದರು.

‘ಬೆಳಗ್ಗಿಂದ ಇದನ್ನೇ ಅಂತಾವ್ರೆ ಕಣವ್ವ. ನೀನು ಇವರ ಕ್ಲಾಸಲ್ವಾ? ಏನು ಹೇಳವ್ವ ಇದು?’

ನನಗೆ ಬೆವರು ಬಂತು. ಲೆಗ್ ಅಂದರೆ ಕಾಲು, ವೆಟ್ ಅಂದರೆ ಒದ್ದೆ, ಸ್ಯಾಕ್ ಅಂದರೆ ಮೂಟೆ. ‘ಕಾಲು ಒದ್ದೆ ಮೂಟೆ ಅಂತಾವ್ರೆ’ ಅಂದೆ. ಭಾಗ್ಯಕ್ಕ ಬಗ್ಗಿ ಪಂಚೆ ಮುಟ್ಟಿ ನೋಡಿದರು. ಒದ್ದೆ ಇರಲಿಲ್ಲ. ಆಗ ಅವ್ವ, ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವ, ‘ಒದ್ದೆ ಮೂಟೆ ಎತ್ತಕ್ಕಾಯ್ತದಾ? ಕಾಲು ಭಾರ ಆಗದೆ ಅಂತಿರಬೇಕು. ಎತ್ತಿ ಯಾವ್ದರ ಮ್ಯಾಲಾದ್ರೂ ಇಡಿ ನೋಡಾನ’ ಅಂದಳು. ಇಬ್ಬರೂ ಸೇರಿ ಕಾಲೆತ್ತಿ ಸ್ಟೂಲಿನ ಮೇಲೆ ಇಟ್ಟರು. ಮೇಷ್ಟ್ರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ನೇರವಾದ ಮಾತು ಸಿಗದೆ ಅವರು ಪಕ್ಕದ ಮಾತು ಹಿಡಿಯುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಅಳು ಬಂತು. ಯಾರಿಗೂ ಕಾಣದ ಹಾಗೆ ಬಾಳೆಹಣ್ಣು ಒಳಗಿಡುವ ನೆಪ ಮಾಡಿದೆ.

ಹೊರಡುವಾಗ ಭಾಗ್ಯಕ್ಕ ನನ್ನ ಕೈ ಹಿಡಿದುಕೊಂಡರು. ‘ಸಾಯಂಕಾಲ ಸ್ವಲ್ಪ ಹೊತ್ತು ಬಂದು ಹೋಗ್ತಿಯಾ ಸುಧಾ? ಏನು ಅಂತಾವ್ರೆ ಅಂತ ತಿಳಿದ್ರೆ ಸಾಕು ನಂಗೆ.’ ಅವ್ವ ನನ್ನನ್ನು ಕೇಳದೆಯೇ ‘ಬತ್ತಾಳೆ ಬುಡಿ’ ಅಂದಳು.

ಹಾಗೆ ಶುರುವಾಯಿತು. ಸ್ಕೂಲು ಬಿಟ್ಟ ಮೇಲೆ ದಿನಾ ಮೇಷ್ಟ್ರ ಮನೆ. ಇಂಗ್ಲಿಷಿನಲ್ಲಿ ಫೇಲಾಗುವ ಹುಡುಗಿ ಗಂಡ ಹೆಂಡತಿಯ ನಡುವೆ ಕೂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಸಾಗಿಸುವುದು. ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಅವರು ‘ವೈಟ್ ರೈನ್’ ಅಂದರೆ ಮಜ್ಜಿಗೆಯೋ ಅನ್ನವೋ ತಿಳಿಯದೆ ಎರಡನ್ನೂ ತಂದಿಡುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ಬೆನ್ನಿಗೆ ಉದುರಿಸುವ ಪೌಡರ್ ಆಗಿರುತ್ತಿತ್ತು. ಅವರು ಮುಖ ಕಿವುಚಿ ಎಡಗೈಯನ್ನು ಕುರ್ಚಿಗೆ ಹೊಡೆಯುತ್ತಿದ್ದರು. ಗಂಟಲಲ್ಲಿ ಇದ್ದು ನಾಲಿಗೆಗೆ ಬಾರದ ಮಾತಿನ ಸಂಕಟ ಎಂಥದ್ದು ಅಂತ ಅವತ್ತು ನೋಡಿದವಳು ನಾನು. ನನ್ನ ಕ್ಲಾಸಿನಲ್ಲಿ ಯಾವ ಮಗುವಾದರೂ ಉತ್ತರ ಹುಡುಕುತ್ತ ನಿಂತರೆ ಈಗಲೂ ನನಗೆ ಬೇಗ ಹೇಳು ಅನ್ನುವುದಕ್ಕೆ ಆಗುವುದಿಲ್ಲ.

ಭಾಗ್ಯಕ್ಕ ಬಂಡೂರಿನವರು. ಅವರ ತಂದೆ ಕುರಿ ಸಾಕಿದವರು, ಇವರೂ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿಯ ಹಿಂದೆ ಹೋದವರು. ಮಕ್ಕಳಾಗಿರಲಿಲ್ಲ. ಒಂದು ಸಂಜೆ ಸೊಪ್ಪು ಬಿಡಿಸುತ್ತ ಕೂತವರು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದರು.

‘ಒಂದು ಮಾತು ಕೇಳ್ತೀನಿ, ಸುಧಾ. ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ ಮಾತು ಒಂದೂ ಉಳಿಲಿಲ್ವಾ ಇವರಿಗೆ? ಸ್ಕೂಲಲ್ಲಿ ಮಕ್ಕಳಿಗೆ ಹೇಳ್ಕೊಟ್ಟಿದ್ದು ಮಾತ್ರ ಉಳ್ಕತಾ?’

ನಾನು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, ‘ಮನೇಲಿ ಮಾತೇ ಆಡ್ತಿರಲಿಲ್ಲ ಕಣೆ ಇವರು. ಎಲ್ಲಾನೂ ಸ್ಕೂಲಿಗೆ ಹಾಕ್ಬುಟ್ಟು ಬರೋರು. ಊಟ ಆಯ್ತಾ ಅಂದ್ರೆ ಹೂಂ, ಬೇಕಾ ಅಂದ್ರೆ ಊಹೂಂ. ಅಷ್ಟೇಯ. ನಾಳೆ ಆಡ್ತಾರೆ, ರಿಟೈರ್ ಆದ್ಮೇಲೆ ಆಡ್ತಾರೆ ಅಂತ ನಾನೂ ಸುಮ್ಕಿದ್ದೆ. ನಂಗೂ ಕಲ್ಸು ಆ ಇಂಗ್ಲಿಷ್ನ’ ಅಂದರು.

‘ನಂಗೇ ಬರಲ್ಲ ಭಾಗ್ಯಕ್ಕ.’

‘ನಿಂಗೆ ಬಂದಷ್ಟು ಕಲ್ಸು. ಮಿಕ್ಕಿದ್ದ ಅವರೇ ಕಲಿಸ್ತಾರೆ. ಮೇಷ್ಟ್ರಲ್ವಾ?’

ಮೊದಲು ಕೆಲಸದ ಮಾತುಗಳು. ಕಮ್, ಸಿಟ್, ಈಟ್, ಸ್ಲೀಪ್. ಭಾಗ್ಯಕ್ಕ ಒಲೆಯ ಮುಂದೆ ಮುದ್ದೆ ತೊಳಸುತ್ತ ಅದನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಆಮೇಲೆ ‘ಐ’ ಮತ್ತು ‘ಯು’. ಅವರು ಮೊದಲ ಸಲ ಜಗಲಿಗೆ ಹೋಗಿ ಗಂಡನ ಮುಂದೆ ನಿಂತು, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವವರ ಹಾಗೆ ಕೈ ಕಟ್ಟಿಕೊಂಡು, ‘ಯು ಈಟ್ ಯೆಸ್ಟರ್ಡೇ ಗುಡ್’ ಅಂದರು. ಮೇಷ್ಟ್ರು ಹೆಂಡತಿಯನ್ನೇ ನೋಡಿದರು. ನೋಡಿ ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡರು. ಆಮೇಲೆ ಎಡಗೈಯ ಬೆರಳೆತ್ತಿ, ‘ಏಟ್. ಯೆಸ್ಟರ್ಡೇ… ಏಟ್’ ಎಂದು ತಿದ್ದಿದರು.

‘ನೋಡ್ದಾ! ಹಾಸಿಗೆ ಹಿಡಿದ್ರೂ ಮೇಷ್ಟ್ರುಗಿರಿ ಬುಡ್ಲಿಲ್ಲ!’ ಎಂದು ಭಾಗ್ಯಕ್ಕ ನಕ್ಕವರು ನಗುತ್ತ ನಗುತ್ತಲೇ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು.

ನನಗೆ ಭೂತಕಾಲ, ಭವಿಷ್ಯತ್ಕಾಲ ಬಂದದ್ದು ಆ ಜಗಲಿಯಲ್ಲಿ. ನಿನ್ನೆ ಏನು ತಿಂದಿರಿ, ಇವತ್ತು ಏನು ತಿನ್ನುತ್ತಿದ್ದೀರಿ, ನಾಳೆ ಏನು ಮಾಡಿಕೊಡಲಿ. ಇಷ್ಟನ್ನೇ ಭಾಗ್ಯಕ್ಕ ತಿರುಗಿಸಿ ಮುರುಗಿಸಿ ಕೇಳುವುದು, ಮೇಷ್ಟ್ರು ತಿದ್ದುವುದು, ನಾನು ಪಕ್ಕದಲ್ಲಿ ಕೂತು ಹೆಂಡತಿಗೆ ಹೇಳಿದ ಪಾಠವನ್ನು ನನಗೂ ಹಾಕಿಕೊಳ್ಳುವುದು. ಭಾಗ್ಯಕ್ಕನಿಗೆ ಪರೀಕ್ಷೆ ಇರಲಿಲ್ಲ. ಆದರೂ ನನಗಿಂತ ಬೇಗ ಕಲಿತರು. ಸಂಕ್ರಾಂತಿ ಹೊತ್ತಿಗೆ ಮೇಷ್ಟ್ರು ಅಂದದ್ದಕ್ಕೆಲ್ಲ ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು. ವ್ಯಾಕರಣ ಅಡ್ಡಾದಿಡ್ಡಿ, ಆದರೆ ಮಾತು ನಿಲ್ಲುತ್ತಿರಲಿಲ್ಲ. ‘ಐ ಗೋ ಶಾಪ್ ಕಣ್ರೀ’ ಅನ್ನುತ್ತಿದ್ದರು. ಮೇಷ್ಟ್ರಿಗೆ ಕಣ್ರೀ ತಿಳಿಯದಿದ್ದರೂ ಶಾಪ್ ತಿಳಿಯುತ್ತಿತ್ತು.

ಆ ದಿನಗಳಲ್ಲಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳಿಂದ ಜಲ್ಲೆ ಎಳೆಯಲು ಹಿಂದೆ ಓಡುವ ಮಕ್ಕಳು, ಮೂಗಿಗೆ ಕಾಕಂಬಿ. ಮೇಷ್ಟ್ರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅಪ್ಪನ ಟ್ರ್ಯಾಕ್ಟರು ಹಾದುಹೋದರೆ ಎಡಗೈ ಎತ್ತುತ್ತಿದ್ದರು. ಬೆಳಗಿನ ನಿದ್ದೆಗೆ ಅಷ್ಟು ಬಯ್ಯುತ್ತಿದ್ದ ಅಪ್ಪ ಹಾರ್ನ್ ಹೊಡೆದು, ಗಾಡಿ ನಿಧಾನ ಮಾಡಿ, ಒಳ್ಳೆಯ ಜಲ್ಲೆ ಒಂದನ್ನು ಜಗಲಿಗೆ ಎಸೆದು ಹೋಗುತ್ತಿದ್ದರು.

ಒಂದು ಸಂಜೆ ಭಾಗ್ಯಕ್ಕ ಅವರಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದರು. ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿ ಅವರನ್ನು ದಿಟ್ಟಿಸಿ, ‘ಯು ಆರ್ ಮೈ ಹ್ಯಾಂಡ್’ ಅಂದರು. ಪೂರ್ತಿ ವಾಕ್ಯ, ಒಂದೂ ತಡೆಯಿಲ್ಲದೆ. ಭಾಗ್ಯಕ್ಕ ಗಾಬರಿಯಾಗಿ ತಟ್ಟೆ ಇಟ್ಟು ಅವರ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ನೀವತೊಡಗಿದರು. ‘ಪೇನ್? ಹ್ಯಾಂಡ್ ಪೇನ್?’ ಮೇಷ್ಟ್ರು ತಲೆ ಅಲ್ಲಾಡಿಸಿದರು. ‘ನೋ. ಯು. ಯು… ಹ್ಯಾಂಡ್.’

‘ಏನಂತೆ ಸುಧಾ? ಕೈ ನೋಯ್ತಿಲ್ಲ ಅಂತಾವ್ರೆ, ಮತ್ತೆ ಕೈ ಕೈ ಅಂತಾವ್ರೆ?’

‘ನೋವಲ್ಲ ಭಾಗ್ಯಕ್ಕ. ನೀವೇ ಅವರ ಕೈ ಅಂತೆ.’

‘ಕೈ ಥರ ಕೆಲಸ ಮಾಡ್ತೀನಿ ಅಂತಲಾ?’

‘ಥರ ಅಲ್ಲ. ಥರ ಅನ್ನಲಿಲ್ಲ ಅವರು. ನೀವೇ ಅಂದರು.’

 ಕ್ಲಾಸಿನಲ್ಲಿ ಎದ್ದು ನಿಂತು ಸುಳ್ಳು ಅಂದವಳು ನಾನೇ. ಅವರಿಬ್ಬರ ನಡುವೆ ಅದಕ್ಕಿಂತ ನಿಜವಾದ ಮಾತು ಬೇರೆ ಇರಲಿಲ್ಲ. ಭಾಗ್ಯಕ್ಕ ಗಂಡನ ಬಲಗೈ ಬಿಡಲಿಲ್ಲ. ಉಪ್ಪಿಟ್ಟು ಆರಿಹೋಯಿತು. ಆಮೇಲೆ ಅವರು ನನ್ನ ಕಡೆ ತಿರುಗದೆ, ‘ಇಷ್ಟು ವರ್ಷದಲ್ಲಿ ಒಂದಿನ ಹಿಂಗೆ ಅಂದಿರಲಿಲ್ಲ’ ಅಂದರು.

ಅವತ್ತು ನಾನು ಹೊರಟಾಗ ಗೇಟಿನ ತನಕ ಬಂದರು. ಕನ್ನಡ ಮೆಲ್ಲಗೆ ಬರಬಹುದು ಅಂತ ಮಂಡ್ಯದಲ್ಲಿ ಆ ವಾರವೂ ಹೇಳಿದ್ದರು. ನಾನು ಅದನ್ನೇ ನೆನಪಿಸಿ, ‘ಬತ್ತದೆ ಭಾಗ್ಯಕ್ಕ, ಯುಗಾದಿ ಹೊತ್ತಿಗೆ ಕನ್ನಡ ಬಂದ್ಬುಡ್ತದೆ’ ಎಂದು ಧೈರ್ಯ ಹೇಳಲು ಹೋದೆ. ಅವರು ಗೇಟಿನ ಚಿಲಕ ಹಿಡಿದು ನಿಂತರು.

‘ಬರದಿದ್ರೂ ಆಯ್ತು ಕಣೆ. ಯಾರ ಮುಂದೂ ಅನ್ನಬೇಡ. ಕನ್ನಡ ಬಂದ್ಬುಟ್ರೆ ಇವರು ಮತ್ತೆ ಸುಮ್ಕಾಗ್ಬುಡ್ತಾರೆ ಅಂತ ನಂಗೆ ಭಯ.’

ಕತ್ತಲಾಗುತ್ತಿತ್ತು. ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆ ಬಂತು. ಹದಿನಾರರ ಹುಡುಗಿಗೆ ಮದುವೆ, ಸಂಸಾರ ಅಂದರೆ ಒಡವೆ, ಸೀರೆ, ಅತ್ತೆ ಮನೆಯ ಜಗಳ. ಜೊತೆಗಿದ್ದೂ ಒಬ್ಬರಿಗೊಬ್ಬರು ಮಾತಿಗೆ ಹಸಿದುಕೊಂಡು ಇರುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ಮನೆಗೆ ಹೋಗಿ ಅಪ್ಪ ಅವ್ವ ಎಷ್ಟು ಮಾತಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿದೆ. ಅವರು ಬಯ್ದಾಡುತ್ತಿದ್ದರು. ಸಮಾಧಾನವಾಯಿತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಇಂಗ್ಲಿಷ್ ಪಾಸಾದೆ. ಯಾವ ಹೊಸ ಮೇಷ್ಟ್ರೂ ಬಂದಿರಲಿಲ್ಲ, ವಿಜ್ಞಾನದ ಮೇಡಂ ಬಂದು ಗೈಡು ಓದಿಸಿ ಹೋಗುತ್ತಿದ್ದರು ಅಷ್ಟೇ. ಪತ್ರಿಕೆ ಹಿಡಿದುಕೊಂಡು ಓಡಿ ಹೋಗಿ ಮೇಷ್ಟ್ರಿಗೆ ತೋರಿಸಿದೆ. ಅವರು ಎಡಗೈಯಲ್ಲಿ ಹಾಳೆ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಕಡೆ ಬೆರಳಿಟ್ಟರು. ಅಲ್ಲಿ ನಾನು ಒಂದು ‘ಎಸ್’ ಬಿಟ್ಟಿದ್ದೆ. ಭಾಗ್ಯಕ್ಕ ಅವರ ಕೈಯಿಂದ ಹಾಳೆ ಕಿತ್ತುಕೊಂಡು, ‘ಫಸ್ಟ್ ಸೇ ಗುಡ್! ದೆನ್ ಮಿಸ್ಟೇಕ್!’ ಎಂದು ಗದರಿದರು. ಮೇಷ್ಟ್ರು ಮಗುವಿನ ಹಾಗೆ ‘ಗುಡ್’ ಅಂದರು. ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಮೇಷ್ಟ್ರಿಗೆ ಜ್ವರ ಬಂತು, ಜಗಲಿಯ ಕುರ್ಚಿ ಖಾಲಿಯಾಯಿತು. ಒಳಗಿನ ಮಂಚದಲ್ಲಿ ಮತ್ತೊಂದು ಸಲ ಲಕ್ವ ಹೊಡೆಯಿತು. ಮಂಡ್ಯಕ್ಕೆ ಕರೆದುಕೊಂಡು ಹೋದವರು ‘ಇನ್ನು ಮನೆಗೇ ಕರೆದುಕೊಂಡು ಹೋಗಿ’ ಎಂದು ಡಾಕ್ಟರಿಂದ ಅನ್ನಿಸಿಕೊಂಡು ವಾಪಸ್ಸು ಬಂದರು. ಈ ಸಲ ಇಂಗ್ಲಿಷೂ ಹೋಗತೊಡಗಿತು. ದಿನಕ್ಕೆ ಒಂದೊಂದು ಮಾತು ಕಡಿಮೆಯಾಗುವುದು ನಮಗೆ ಕಾಣುತ್ತಿತ್ತು. ಉಪಮೆಗಳು ಮೊದಲು ಹೋದವು, ಆಮೇಲೆ ವಾಕ್ಯಗಳು. ಕೊನೆಗೆ ‘ಯೆಸ್’ ಒಂದೇ ಉಳಿಯಿತು. ಭಾಗ್ಯಕ್ಕ ಪಕ್ಕದಲ್ಲಿ ಕೂತು ಬೆಳಗಿನಿಂದ ಸಂಜೆಯ ತನಕ ಮಾತಾಡುತ್ತಿದ್ದರು. ಯಾರ ಮನೆಯ ಹಸು ಕರು ಹಾಕಿತು, ಎದುರು ಮನೆಯವರು ನಲ್ಲಿಗೆ ಹೇಗೆ ಜಗಳ ತೆಗೆದರು, ನಾಳೆ ಯಾವ ಸೊಪ್ಪು. ಎಲ್ಲವೂ ಆ ಹರಕು ಮುರುಕು ಇಂಗ್ಲಿಷಿನಲ್ಲಿ. ಮಾತು ಬರದಿದ್ದರೆ ನನ್ನನ್ನು ಕೇಳುತ್ತಿದ್ದರು. ಬಾಣಲೆಗೆ ಏನಂತಾರೆ, ಬಾಗಿನಕ್ಕೆ ಏನಂತಾರೆ. ನನಗೆ ಗೊತ್ತಿಲ್ಲದಿದ್ದರೆ ಕೈಯಲ್ಲಿ ತೋರಿಸಿ ಮುಂದೆ ಹೋಗುತ್ತಿದ್ದರು. ಮೇಷ್ಟ್ರು ಅವರ ಬಾಯಿಯನ್ನೇ ನೋಡುತ್ತ ಆಗಾಗ ‘ಯೆಸ್’ ಅನ್ನುತ್ತಿದ್ದರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಕನ್ನಡ ಪತ್ರಿಕೆ ಬರೆದು ಬಂದಿದ್ದೆ, ಇಂಗ್ಲಿಷ್ ಇನ್ನೂ ಮುಂದಿತ್ತು. ಬೆಳಗ್ಗೆ ಪುಸ್ತಕ ಹಿಡಿದು ಕೂತಿದ್ದಾಗ ಅಪ್ಪ ರಸ್ತೆಯಿಂದಲೇ ಕೂಗಿದರು. ‘ಪುಸ್ತಕ ಮುಚ್ಚಿಕ್ಕು ಮಗ. ನಿಮ್ಮ ಮೇಷ್ಟ್ರು ಹೋಗ್ಬುಟ್ರಂತೆ.’

ಅವ್ವ ‘ಪರೀಕ್ಷೆ ಇಟ್ಕೊಂಡು ಹೆಣ ನೋಡಬಾರದು’ ಅಂದಳು. ಜೀವಮಾನದಲ್ಲಿ ಮೊದಲ ಸಲ ಅವಳ ಎದುರು ಕೂಗಾಡಿ ಹೊರಟೆ. ಅವಳೂ ಹಿಂದೆಯೇ ಬಂದಳು.

ಜಗಲಿಯ ಮುಂದೆ ಪೆಂಡಾಲು ಕಟ್ಟುತ್ತಿದ್ದರು. ಬೆಳಕವಾಡಿಯ ನೆಂಟರು ಬಂದಿದ್ದರು, ಕಾಫಿ ಬಿಟ್ಟು ಹೋದವರೂ ಬಂದಿದ್ದರು. ನಡುಮನೆಯಲ್ಲಿ ಮೇಷ್ಟ್ರನ್ನು ಮಲಗಿಸಿದ್ದರು. ಅವರ ಅಕ್ಕ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದರು. ನಮ್ಮ ಕಡೆ ಹೆಂಗಸರು ಹಾಗೇ ಅಳುವುದು, ಸತ್ತವರನ್ನು ಕರೆದು ಕರೆದು, ರಾಗ ಎಳೆದು. ‘ನಮ್ಮನೆ ತೊಲೆಯೇ, ನನ್ನ ತವರ ದೀಪವೇ, ಬೆಳಕವಾಡಿ ಸೂರಿಯನೇ’ ಅನ್ನುತ್ತಿದ್ದರು. ಬೇರೆ ಹೆಂಗಸರು ದನಿಗೂಡಿಸುತ್ತಿದ್ದರು.

ಭಾಗ್ಯಕ್ಕ ಅಳುತ್ತಿರಲಿಲ್ಲ. ಗಂಡನ ತಲೆಯ ಹತ್ತಿರ ಕೂತು, ಕಿವಿಯ ಬಳಿ ಬಾಯಿ ಇಟ್ಟು ಮಾತಾಡುತ್ತಿದ್ದರು. ನಾನು ಹತ್ತಿರ ಹೋಗಿ ಕೂತೆ. ಬಂದವರು ಯಾರು ಎಂದು ಹೇಳುತ್ತಿದ್ದರು. ‘ಯುವರ್ ಸಿಸ್ಟರ್ ಕೇಮ್. ಹೆಡ್ ಮಾಸ್ಟರ್ ಕೇಮ್. ಸುಧಾ ಕೇಮ್.’ ಸಮಾಧಾನದ ದನಿ. ಪ್ರತಿಯೊಂದರಲ್ಲೂ ‘ಕೇಮ್’ ಸರಿಯಾಗಿತ್ತು. ಅದು ಸರಿಯಾಗಿದೆ ಅಂತ ನನ್ನ ಬುದ್ಧಿ ಆ ಹೊತ್ತಿನಲ್ಲೂ ಗುರುತು ಹಾಕಿತು, ಅದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ‘ತಲೆ ಕೆಟ್ಟದೆ’ ಅಂದರು ಒಬ್ಬರು. ‘ಇವಳಿಗೂ ಮೆಟ್ಕತು’ ಅಂದರು ಇನ್ನೊಬ್ಬರು. ಮೇಷ್ಟ್ರ ಅಕ್ಕ ಅಳು ನಿಲ್ಲಿಸಿ, ಹತ್ತಿರ ಸರಿದು ತಮ್ಮನ ಹೆಂಡತಿಯ ಭುಜ ಅಲುಗಿಸಿದರು.

‘ಎದೆ ಒಡ್ಕಂಡು ಓಯ್ತೀಯ ಕಣವ್ವ, ಬಾಯ್ಬುಟ್ಟು ಅಳು. ಇದ್ಯಾಕೆ ಇಂಗಾಡೀಯೆ? ನಮ್ಮ ಮಾತಲ್ಲಿ ಅಳವ್ವ.’

ಭಾಗ್ಯಕ್ಕ ತಲೆ ಎತ್ತಿದರು. ಅವರ ಕಣ್ಣಲ್ಲಿ ಹುಚ್ಚು ಇರಲಿಲ್ಲ. ಏನೂ ಅರಿಯದ ಮಗುವಿಗೆ ತಿಳಿಸಿ ಹೇಳುವವರ ಹಾಗೆ ಹೇಳಿದರು.

‘ನಮ್ಮ ಮಾತು ಅವರಿಗೆ ತಿಳಿಯಕ್ಕಿಲ್ಲ ಕಣತ್ತಿಗೆ.’

 ಮೇಷ್ಟ್ರ ಅಕ್ಕನ ಕೈ ಭುಜದ ಮೇಲೇ ಉಳಿಯಿತು. ಹೊರಗೆ ತಮಟೆಯವರು ಬೆಂಕಿ ಮಾಡಿ ಚರ್ಮ ಕಾಯಿಸುತ್ತಿದ್ದರು, ಆಗಾಗ ಒಂದೊಂದು ಪೆಟ್ಟು ಹಾಕಿ ನೋಡುತ್ತಿದ್ದರು. ಹೊತ್ತಾಯಿತು, ಎತ್ತಬೇಕು ಎಂದು ಗಂಡಸರು ಒಳಗೆ ಬಂದರು. ಆಗ ಭಾಗ್ಯಕ್ಕ ಗಾಬರಿಯಾದರು. ಸುತ್ತ ಹುಡುಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

‘ಸುಧಾ, ಹೆದರ್ಕೋಬೇಡಿ ಅನ್ನಕ್ಕೆ ಏನಂತಾರೆ? ಬೇಗ ಹೇಳವ್ವ, ಎತ್ತತಾವ್ರೆ.’

ನನಗೆ ಗೊತ್ತಿತ್ತು.  ಅವರು ಮತ್ತೆ ಕೈ ಜಗ್ಗಿದರು. ‘ಡೋಂಟ್ ಬಿ ಅಫ್ರೇಡ್’ ಅಂದೆ.

‘ಡೋಂಟ್…?’

‘ಡೋಂಟ್ ಬಿ ಅಫ್ರೇಡ್, ಭಾಗ್ಯಕ್ಕ.’

ಅವರು ಬಗ್ಗಿ ಗಂಡನ ಕಿವಿಯಲ್ಲಿ ಅದನ್ನು ಹೇಳಿದರು. ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಜೋರಾಗಿ. ಚಟ್ಟ ಮೇಲೆದ್ದಾಗ ಅವರೊಳಗಿಂದ ಅಳು ಒಡೆದುಕೊಂಡು ಬಂತು. ಬಂಡೂರಿನ ಹೆಂಗಸರ ರಾಗದಲ್ಲೇ, ಸೆರಗು ಚೆಲ್ಲಿ, ಎರಡೂ ಕೈ ಚಾಚಿ, ಆ ಮೂರು ನಾಲ್ಕು ಇಂಗ್ಲಿಷ್ ಮಾತುಗಳನ್ನೇ ಹಿಡಿದು ಎಳೆದು ಎಳೆದು ಅತ್ತರು. ಯಾರಿಗೂ ದನಿಗೂಡಿಸಲು ಬರಲಿಲ್ಲ. ಅವರ ಸೊಂಟ ಹಿಡಿದುಕೊಂಡು ನಾನೊಬ್ಬಳೇ ಅವರ ಜೊತೆ ಗೇಟಿನ ತನಕ ಅದನ್ನು ಹೇಳಿಕೊಂಡು ಹೋದೆ. ಅಲ್ಲಿಂದಾಚೆ ಹೆಂಗಸರು ಹೋಗುವ ಹಾಗಿರಲಿಲ್ಲ.